ಬೀಗದ ಮುಚ್ಚಳ

ನನ್ನ ತಮ್ಮ ಓಡಿಸಿದರೆ ಓಡುವ ಕಾರು ನಾನು ಓಡಿಸಿದರೆ ನಿಲ್ಲುತ್ತಿತ್ತು. ಇದನ್ನು ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ ಬಿಡಿ. ಸುಮಾರು ಒಂದು ವರ್ಷ ನಾನು ಹೊಟ್ಟೆಕಿಚ್ಚಿನಲ್ಲಿ ಬೆಂದಿದ್ದೇನೆ, ಅದರ ಉರಿ ಎಂಥದ್ದು ಅಂತ ಅವರಿಗೆ ಗೊತ್ತಿಲ್ಲ.

ಕಾರು ಅಪ್ಪನದು. ಎಪ್ಪತ್ತೊಂಬತ್ತರಲ್ಲಿ ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕಿದಾಗ ಅಪ್ಪ ತಿಪಟೂರಿನ ಮಂಡಿಯವರೊಬ್ಬರಿಂದ ಕೊಂಡುಕೊಂಡ ಬೂದು ಬಣ್ಣದ ಅಂಬಾಸಿಡರ್. ತೊಂಬತ್ತೈದರಲ್ಲಿ ಅಪ್ಪ ತೀರಿಕೊಂಡ ಮೇಲೆ ನಾನೂ ತಮ್ಮ ತಿಲಕನೂ ಭಾಗವಾದೆವು. ಹೊನ್ನವಳ್ಳಿಯ ತೋಟ ಎರಡಾಯಿತು. ಹಳೆಯ ಮನೆ ನನಗೆ ಬಂತು, ತಿಲಕ ಓಣಿಯ ಆಚೆ ಬದಿಗೆ ಹೊಸ ಮನೆ ಕಟ್ಟಿಸಿಕೊಂಡ. ಕಾರನ್ನು ಏನು ಮಾಡುವುದು? ಮಾರುವುದಕ್ಕೆ ಅವ್ವ ಸುತರಾಂ ಒಪ್ಪಲಿಲ್ಲ. ಕೊನೆಗೆ ಊರಿನ ಹಿರಿಯರಾದ ದೊಡ್ಡರಂಗಯ್ಯನವರು ಬೋರ್‌ವೆಲ್ ನೀರಿಗೆ ಸರದಿ ಮಾಡುವ ಹಾಗೆಯೇ ಕಾರಿಗೂ ಸರದಿ ಮಾಡಿಕೊಟ್ಟರು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ನನಗೆ, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ತಿಲಕನಿಗೆ. ಅವ್ವನೂ ಅದೇ ಲೆಕ್ಕದಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಓಣಿ ದಾಟುತ್ತಿದ್ದಳು. ಅವ್ವ ಯಾರ ಮನೆಯಲ್ಲಿರುತ್ತಾಳೋ ಕಾರಿನ ಕೀಲಿಯೂ ಅವರ ಮನೆಯ ಗೂಟದಲ್ಲಿ ಇರುತ್ತಿತ್ತು. ಕಾರು ಮಾತ್ರ ಓಣಿಯ ಬಾಯಲ್ಲಿದ್ದ ಶೆಡ್ಡಿನಲ್ಲೇ ನಿಲ್ಲುತ್ತಿತ್ತು, ಶೆಡ್ಡು ಇಬ್ಬರಿಗೂ ಸೇರಿದ್ದು.

ಅವ್ವನಿಗೆ ತಿಲಕ ಅಂದರೆ ಮೊದಲಿನಿಂದಲೂ ಒಂದು ಕೈ ಮೇಲು. ನಾನು ಹಿರಿಯ, ಹತ್ತು ವರ್ಷಕ್ಕೇ ಮೋಟಾರು ಹಾಕಿ ಗಿಡಕ್ಕೆ ನೀರು ತಿರುಗಿಸುತ್ತಿದ್ದೆ. ಅವನು ಹತ್ತು ವರ್ಷದವನಾಗಿದ್ದಾಗ ಅವ್ವನ ಸೆರಗು ಹಿಡಿದುಕೊಂಡು ಓಡಾಡುತ್ತಿದ್ದ. ಈ ಕಾರಿನ ರಗಳೆಯ ಹೊತ್ತಿಗೆ ಅವನಿಗೆ ಮೂವತ್ತೆಂಟು, ನನಗೆ ನಲವತ್ತಾರು, ಆದರೂ ಆ ಲೆಕ್ಕ ಬದಲಾಗಿರಲಿಲ್ಲ. ಅವನ ಸರದಿಯಲ್ಲಿ ಅವ್ವ ಕಾರಿನಲ್ಲಿ ಹೋಗಿ ಬಂದರೆ ಎರಡು ದಿನ ಅದೇ ಮಾತು. "ತಿಲಕ ಓಡಿಸ್ತಿದ್ರೆ ಚೆಂಬಿನ ನೀರು ತುಳುಕಲ್ಲ ಕಣೇ, ನಾನು ಹಂಗೇ ನಿದ್ದೆ ಹೋಗ್ಬುಟ್ಟೆ" ಅಂತ ನನ್ನ ಹೆಂಡತಿ ಶಾಂತಕುಮಾರಿಯ ಹತ್ತಿರ ಹೇಳುತ್ತಿದ್ದಳು. ನನ್ನ ಕಾರಿನಲ್ಲಿ ಅವ್ವ ಒಂದು ದಿನವೂ ಕಣ್ಣು ಮುಚ್ಚಿದ್ದಿಲ್ಲ. ಮುಂದಿನ ಸೀಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂರುತ್ತಿದ್ದಳು.

ಈ ಕಾರಿನಲ್ಲಿ ಪೆಟ್ರೋಲು ತೋರಿಸುವ ಮುಳ್ಳು ಎಂದೋ ಕೆಟ್ಟುಹೋಗಿತ್ತು. ಅಪ್ಪನ ಕಾಲದಿಂದಲೂ ತೆಂಗಿನ ಗರಿಯ ಉದ್ದನೆಯ ಕಡ್ಡಿಯನ್ನು ಟ್ಯಾಂಕಿಗೆ ಇಳಿಬಿಟ್ಟು ಎಷ್ಟು ಒದ್ದೆಯಾಗುತ್ತದೋ ನೋಡುವುದು ರೂಢಿ. ಸರದಿ ಬದಲಾಗುವ ದಿನ ನಾವಿಬ್ಬರೂ ಶೆಡ್ಡಿನಲ್ಲಿ ನಿಂತು ಕಡ್ಡಿ ಇಳಿಸಿ, ಒದ್ದೆಯಾದ ಕಡೆ ಚಾಕುವಿನಲ್ಲಿ ಗುರುತು ಮಾಡುತ್ತಿದ್ದೆವು. ಎಷ್ಟು ಇತ್ತೋ ಅಷ್ಟೇ ಇಟ್ಟು ಬಿಟ್ಟುಕೊಡಬೇಕು ಅಂತ ಮಾತು. ಒಂದು ಸಲ, ನನ್ನ ಸರದಿಯ ನಡುವೆ, ಸುಮ್ಮನೆ ಅನುಮಾನ ಬಂದು ಕಡ್ಡಿ ಇಳಿಸಿದೆ. ಹಿಂದಿನ ದಿನ ನೋಡಿದ್ದಕ್ಕಿಂತ ಒಂದು ಬೆರಳು ಕಡಿಮೆ ಇತ್ತು. ಕಾರು ಶೆಡ್ಡು ಬಿಟ್ಟು ಕದಲಿರಲಿಲ್ಲ. ತಿಲಕನ ಹತ್ತಿರ ಒಂದು ಮೊಪೆಡ್ ಇತ್ತು. ಅದಕ್ಕೂ ಪೆಟ್ರೋಲೇ ಬೇಕು. ಇನ್ನೇನು ಹೇಳಬೇಕು?

ನಾನು ಅವನನ್ನು ಕೇಳಲಿಲ್ಲ. ಕೇಳಿದರೆ ಅವನು ನಗುತ್ತಾನೆ, ಅವ್ವ ಅವನ ಪರ ನಿಲ್ಲುತ್ತಾಳೆ. ತಿಪಟೂರಿಗೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದೆ ಹಳೆಯ ಸಾಮಾನು ಮಾರುವವನ ಹತ್ತಿರ ಪೆಟ್ರೋಲ್ ಟ್ಯಾಂಕಿಗೆ ಹಾಕುವ ಬೀಗದ ಮುಚ್ಚಳ ತಂದೆ. ಟ್ಯಾಂಕಿನ ಬಾಯಿಗೆ ಸ್ವಲ್ಪ ಸಡಿಲವಾಯಿತು. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಒಳಗೆ ಎರಡು ಪದರ ವಾಷರ್ ಕೂರಿಸಿದೆ. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ತಿಲಕನ ಸರದಿ ಬಂದಾಗ ನನ್ನ ಮುಚ್ಚಳ ಬಿಚ್ಚಿಕೊಳ್ಳುತ್ತಿದ್ದೆ, ಅವನು ಅಪ್ಪನ ಕಾಲದ ತಗಡಿನ ಮುಚ್ಚಳವನ್ನು ತನ್ನ ಮನೆಯಿಂದ ತಂದು ಹಾಕಿಕೊಳ್ಳುತ್ತಿದ್ದ. ಆ ಹಳೆಯ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಒಂದು ತೂತು ಬೇರೆ ಇತ್ತು. ಪೆಟ್ರೋಲು ಆವಿಯಾಗಿ ಹೋದರೆ ಅವನ ಸರದಿಯಲ್ಲಿ ಹೋಗಲಿ ಅಂದುಕೊಂಡೆ.

ತಿಲಕ ಬೀಗವನ್ನು ನೋಡಿದ. ನೋಡಿ ಮೊಪೆಡ್ ತಳ್ಳಿಕೊಂಡು ಹೋದ. ಅದೂ ನನಗೆ ಸಿಟ್ಟು ತರಿಸಿತು.

ಕಾರು ಮೊದಲು ಕೈಕೊಟ್ಟದ್ದು ಆಷಾಢದಲ್ಲಿ, ಅವ್ವನನ್ನು ತಿಪಟೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ. ಊರಿನಿಂದ ಹೊರಟು ಏಳೆಂಟು ಮೈಲಿ ಚೆನ್ನಾಗಿಯೇ ಓಡಿತು. ಆಮೇಲೆ ಎರಡು ಸಲ ಮುಗ್ಗರಿಸಿ, ಉಸಿರು ಸಿಕ್ಕಿಕೊಂಡವರ ಹಾಗೆ ಒಂದು ಸಲ ಎಳೆದು, ನಿಂತೇ ಹೋಯಿತು. ಯಾರದೋ ಸ್ಕೂಟರಿನಲ್ಲಿ ಊರಿಗೆ ಹೋಗಿ ಮೆಕ್ಯಾನಿಕ್ ರಂಗಪ್ಪನನ್ನು ಕರೆತಂದೆ. ರಂಗಪ್ಪ ಅಪ್ಪನ ಕಾಲದಿಂದ ಈ ಕಾರನ್ನು ಬಲ್ಲವನು. ಬಾನೆಟ್ ಎತ್ತಿ ಕಾರ್ಬೊರೇಟರ್ ಬಿಚ್ಚಿದ.

"ಬಟ್ಲು ಒಣಗೋಗೈತೆ ಕಣಪ್ಪ. ಒಂದು ತೊಟ್ಟು ಪೆಟ್ರೋಲ್ ಇಲ್ಲ. ಟ್ಯಾಂಕ್‌ನಾಗೆ ಐತೋ ಇಲ್ವೋ ನೋಡು."

ನಾನು ಹಿಂದಕ್ಕೆ ಹೋಗಿ ಬೀಗ ತೆಗೆದೆ. ಮುಚ್ಚಳ ಬಿಚ್ಚುವಾಗ ಉಸ್ ಅಂತ ಸದ್ದಾಯಿತು. ಪೆಟ್ರೋಲಿನ ಆವಿ ಇರಬೇಕು ಅಂದುಕೊಂಡೆ. ಕಡ್ಡಿ ಇಳಿಸಿ ನೋಡಿದರೆ ಗೇಣುದ್ದ ಒದ್ದೆ. "ಬೇಕಾದಷ್ಟೈತೆ" ಅಂದೆ. ಅಷ್ಟರಲ್ಲಿ ರಂಗಪ್ಪ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಎಳೆಯುವ ಪಂಪಿನ ಸಣ್ಣ ಹಿಡಿಯನ್ನು ಕೈಯಿಂದ ನಾಲ್ಕು ಸಲ ಎತ್ತಿ ಇಳಿಸಿದ. ಪೈಪಿನ ಬಾಯಿಂದ ಪೆಟ್ರೋಲು ಚಿಮ್ಮಿತು.

"ಬಂತಲ್ಲ! ಏನೋ ಕಸ ಸಿಕ್ಕಂಡಿತ್ತು, ಬುಟ್ಕಂತು" ಅಂದ ರಂಗಪ್ಪ. ಕಾರು ಹೊರಟಿತು.

ಅಲ್ಲಿಂದ ಶುರುವಾಯಿತು ನೋಡಿ. ರಂಗಪ್ಪ ಕಾರ್ಬೊರೇಟರಿನೊಳಗಿನ ಜೆಟ್ಟಿನ ತೂತನ್ನು ಸಣ್ಣ ತಂತಿ ಹಾಕಿ ಸ್ವಚ್ಛ ಮಾಡಿದ, ಫಿಲ್ಟರ್ ಬದಲಾಯಿಸಿದ, ಪಂಪಿನ ಒಳಗಿನ ರಬ್ಬರ್ ಹಾಳೆ ಹೊಸದು ಹಾಕಿದ. ಅವನ ಅಂಗಡಿಯ ಮುಂದೆ ಎರಡು ಸುತ್ತು ಹೊಡೆದರೆ ಕಾರು ಚಿನ್ನದಂತೆ ಓಡುತ್ತಿತ್ತು. ಅಮಾವಾಸ್ಯೆ ಕಳೆದು ನಾನು ಅವ್ವನನ್ನು ಕೂರಿಸಿಕೊಂಡು ಏಳೆಂಟು ಮೈಲಿ ದಾಟಿದರೆ ಸಾಕು, ಮತ್ತೆ ಅದೇ ಕಥೆ. ರಂಗಪ್ಪ ಹೇಳಿದ, ಪಂಪು ಬಿಸಿಯಾಗಿ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತಿರಬೇಕು, ನಿಂತಾಗ ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡಿ ಅಂತ. ಹಾಗೇ ಮಾಡಿದೆ. ಒದ್ದೆ ಬಟ್ಟೆ ಸುತ್ತುವುದು, ಹಿಂದೆ ಹೋಗಿ ಬೀಗ ತೆಗೆದು ತಿಲಕ ಕದ್ದಿದ್ದಾನೋ ಇಲ್ಲವೋ ಅಂತ ಕಡ್ಡಿ ಇಳಿಸಿ ನೋಡುವುದು, ಬೀಡಿ ಸೇದುವುದು. ಕಾರು ಹೊರಡುತ್ತಿತ್ತು. ಒದ್ದೆ ಬಟ್ಟೆಯ ಮಹಿಮೆ ಅಂತ ನಂಬಿದೆ.

ಆದರೆ ತಿಲಕನ ಸರದಿಯಲ್ಲಿ ಬಟ್ಟೆಯೂ ಬೇಕಿರಲಿಲ್ಲ, ಏನೂ ಬೇಕಿರಲಿಲ್ಲ. ಅದೇ ಎಂಜಿನ್ನು, ಅದೇ ಪಂಪು, ಅದೇ ಬಿಸಿಲು. ಅವನು ಅವ್ವನನ್ನು ಹುಳಿಯಾರಿನ ನೆಂಟರ ಮನೆಗೆ ಕರೆದುಕೊಂಡು ಹೋಗಿ ಸಾಯಂಕಾಲದೊಳಗೆ ವಾಪಸ್ ಬಂದ. ಶಿಳ್ಳೆ ಹಾಕುತ್ತಾ ಬಾಗಿಲು ತೆಗೆದ. ಅವ್ವ ಕೆದರಿದ ಕೂದಲು ಸರಿಮಾಡಿಕೊಳ್ಳುತ್ತಾ ಇಳಿದಳು, ಆಗ ತಾನೇ ನಿದ್ದೆಯಿಂದ ಎದ್ದಿದ್ದಳು. ನಾನು ಜಗಲಿಯ ಮೇಲೆ ಕಾಯಿ ಸುಲಿಯುತ್ತಾ ಕೂತಿದ್ದೆ. ಆ ಹೊತ್ತಿನಲ್ಲಿ ಆ ಕಾರನ್ನು ಬೆಂಕಿ ಹಚ್ಚಿ ಸುಡಬೇಕು ಅನ್ನಿಸಿತು.

ನನಗೂ ಒಂದು ವಿದ್ಯೆ ಗೊತ್ತು. ಮೂವತ್ತೈದು ವರ್ಷದಿಂದ ಪಂಪ್‌ಸೆಟ್ಟಿನ ಜೊತೆ ಹೆಣಗಿದವನು ನಾನು. ಮೋಟಾರು ತಿರುಗುತ್ತಿದ್ದೂ ನೀರು ಎತ್ತುತ್ತಿಲ್ಲ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತಲೇ ಅರ್ಥ. ನಮ್ಮ ಸೀಮೆಯ ಯಾವ ತೋಟದವನನ್ನು ಕೇಳಿ, ಇದೇ ಹೇಳುತ್ತಾನೆ. ಗಾಳಿ ನಮ್ಮ ಶತ್ರು. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಪೆಟ್ರೋಲಿನ ಪೈಪಿನ ಒಂದೊಂದು ಸಂದನ್ನೂ ದಾರ ಸುತ್ತಿ, ಪೈಪಿನ ಸಂದು ಮುಚ್ಚುವ ಸಫೇದ ಬಳಿದು, ಟ್ಯೂಬಿನ ಪಟ್ಟಿ ಬಿಗಿದೆ. ಅಷ್ಟಕ್ಕೂ ಸಮಾಧಾನವಾಗದೆ ಬೀಗದ ಮುಚ್ಚಳಕ್ಕೆ ಮೂರನೆಯ ವಾಷರ್ ಸೇರಿಸಿದೆ. ತಿರುಗಿಸಿ ಬೀಗ ಹಾಕುವಾಗ ಕೈ ನೋಯುವಷ್ಟು ಬಿಗಿಯಾಯಿತು. ಮುಂದಿನ ಸಲ ಕಾರು ಐದೇ ಮೈಲಿಗೆ ನಿಂತಿತು.

ಇನ್ನು ಅನುಮಾನವೇ ಉಳಿಯಲಿಲ್ಲ. ತಿಲಕ ನನ್ನ ಸರದಿಗೆ ಬಿಟ್ಟುಕೊಡುವ ಮೊದಲು ಟ್ಯಾಂಕಿಗೆ ತೆಂಗಿನ ನಾರು ಹಾಕುತ್ತಿದ್ದಾನೆ, ಎಂಜಿನ್ನು ಎಳೆದಾಗ ನಾರು ಪೈಪಿನ ಬಾಯಿಗೆ ಅಂಟುತ್ತದೆ, ನಿಂತಾಗ ಬಿಟ್ಟುಕೊಳ್ಳುತ್ತದೆ. ಎಷ್ಟು ಚೆನ್ನಾಗಿ ಹೊಂದಿಕೆಯಾಗುತ್ತದೆ ನೋಡಿ. ದೊಡ್ಡರಂಗಯ್ಯನವರ ಮುಂದೆ ಹೇಳಿಯೇಬಿಟ್ಟೆ. ಅವರು ತಿಲಕನನ್ನು ಕರೆಸಿದರು. ತಿಲಕ ಮಲಗಿಕೊಂಡು ಕಾರಿನ ಕೆಳಗೆ ತೂರಿ, ಟ್ಯಾಂಕಿನ ತಳದ ತಿರುಪು ಬಿಚ್ಚಿ, ಪೆಟ್ರೋಲನ್ನೆಲ್ಲ ತನ್ನ ಬಿಳಿ ಪಂಚೆಯಲ್ಲಿ ಸೋಸಿ ಬಕೆಟ್ಟಿಗೆ ಹಿಡಿದ. ಪಂಚೆಯ ಮೇಲೆ ಸ್ವಲ್ಪ ತುಕ್ಕಿನ ಪುಡಿ ಬಿಟ್ಟರೆ ಒಂದು ಎಳೆ ನಾರು ಇರಲಿಲ್ಲ.

"ಆಯ್ತಾ ಅಣ್ಣ?" ಅಂದ. ಕೈ ತೊಳೆದುಕೊಂಡು ಹೋದ. ಓಣಿಯಲ್ಲಿ ನಿಂತಿದ್ದ ಜನರೆಲ್ಲ ನನ್ನ ಮುಖ ನೋಡುತ್ತಿದ್ದರು. ಅವ್ವ ಅವನ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಶಿವರಾತ್ರಿ ಕಳೆದು ಎರಡು ದಿನಕ್ಕೆ ಅವ್ವ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಗಂಟು ಹೊತ್ಕಂಡು ಈ ಮನೆಗೂ ಆ ಮನೆಗೂ ಓಡಾಡಿ ಸಾಕಾಗೈತೆ ಕಣ್ರಪ್ಪ. ಯುಗಾದಿಯಿಂದ ಒಂದೇ ಮನೇಲಿ ಇರ್ತೀನಿ. ಅದಕ್ಕೆ ಮುಂಚೆ ತುರುವೇಕೆರೆ ಆಚೆ ಸಂಪಿಗೆ ಊರಿಗೆ ಹೋಗಿ ಸ್ವಾಮಿಗೆ ಕಾಯಿ ಒಡಿಸ್ಕಂಡು ಬರ್ಬೇಕು, ನಿಮ್ಮಪ್ಪನ ಹರಕೆ ಹಂಗೇ ಉಳ್ಕಂಡೈತೆ. ಬಂದ ಮೇಲೆ ಯಾರ ಮನೆ ಅಂತ ಹೇಳ್ತೀನಿ."

ಅವ್ವ ಎಲ್ಲೋ ಕಾರೂ ಅಲ್ಲೇ. ಆದರೆ ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದುದು ಕಾರಲ್ಲ. ಅವ್ವ ನಾಲ್ಕು ಜನರ ಎದುರು 'ನಾನು ದೊಡ್ಡ ಮಗನ ಮನೆಯಲ್ಲಿ ಇರುತ್ತೇನೆ' ಅನ್ನಬೇಕಿತ್ತು. ಆ ಒಂದು ಮಾತಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಸಂಪಿಗೆಗೆ ನನ್ನ ಸರದಿಯಲ್ಲೇ ಹೋಗೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅವ್ವ ಹ್ಞೂ ಅಂದಳು.

ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇರುವಾಗ ಬೆಳಗ್ಗೆ ಏಳಕ್ಕೆ ಹೊರಟೆವು, ನಾನೂ ಅವ್ವನೂ ಇಬ್ಬರೇ. ಅವ್ವ ಒಂದು ಚೆಂಬು ಕುಡಿಯುವ ನೀರು, ಜುಟ್ಟು ಬಿಟ್ಟು ಸುಲಿದ ಎರಡು ತೆಂಗಿನಕಾಯಿ ಇಟ್ಟುಕೊಂಡಿದ್ದಳು. ಒಂದಕ್ಕೆ ಅರಿಶಿನ ಹಚ್ಚಿತ್ತು, ಒಂದಕ್ಕೆ ಕುಂಕುಮ. "ಅರಿಶಿನದ್ದು ನಿನ್ ಹೆಸರಿಂದು, ಕುಂಕುಮದ್ದು ತಿಲಕಂದು" ಅಂದಳು. ನನ್ನ ಸರದಿಯಲ್ಲಿ, ನನ್ನ ಪೆಟ್ರೋಲಿನಲ್ಲಿ ಅವನ ಕಾಯಿ ಯಾಕೆ ಬರಬೇಕು ಅಂತ ಮನಸ್ಸಿಗೆ ಬಂತು.

ತಿಪಟೂರು ಸೇರುವ ಮೊದಲೇ ಒಂದು ಸಲ ನಿಂತು ಹೊರಟಿದ್ದ ಕಾರು, ತಿಪಟೂರು ದಾಟಿ ತುರುವೇಕೆರೆ ರಸ್ತೆಯಲ್ಲಿ ಮೂರು ಮೈಲಿ ಹೋಗುವಷ್ಟರಲ್ಲಿ ಮತ್ತೆ ನಿಂತಿತು. ಬಟ್ಟೆ ಸುತ್ತಿ, ಚೆಂಬಿನ ನೀರು ಅರ್ಧ ಸುರಿದೆ. ಹಿಂದೆ ಹೋಗಿ ಬೀಗ ತೆಗೆದೆ, ಕಡ್ಡಿ ಇಳಿಸಿದೆ, ಹೊರಟೆವು. ನಡುವೆ ಇನ್ನೂ ಎರಡು ಸಲ ನಿಂತು ಹೊರಟು, ತುರುವೇಕೆರೆ ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಮತ್ತೆ ನಿಂತಿತು. ಉಳಿದ ನೀರನ್ನೂ ಪಂಪಿನ ಮೇಲೆ ಸುರಿದೆ. ಬಿಸಿಲು ಏರಿತ್ತು. ಸುತ್ತ ಬರೀ ರಾಗಿ ಕೊಯ್ದ ಹೊಲ, ಒಂದು ಮನೆ ಇರಲಿಲ್ಲ.

"ಬಾಯಿ ಒಣಗ್ತೈತೆ ಕಣ್ಲಾ ಬಸವರಾಜು. ಒಂದು ಗುಟುಕು ನೀರು ಕೊಡು" ಅಂದಳು ಅವ್ವ.

ಚೆಂಬು ತಲೆಕೆಳಗು ಮಾಡಿ ತೋರಿಸಿದೆ. ನನಗೇ ನಾಚಿಕೆಯಾಯಿತು. ಅವ್ವ ಸುಮ್ಮನೆ ಕಾಯಿಗಳ ಕಡೆ ಕೈ ತೋರಿಸಿದಳು. "ಒಂದು ಕಾಯಿ ತಗಂಡು ತೂತು ಮಾಡಿಕೊಡು. ದೇವ್ರೇನೂ ಬೇಜಾರು ಮಾಡ್ಕಳಲ್ಲ."

ನನ್ನ ಕೈ ನೇರವಾಗಿ ಕುಂಕುಮದ ಕಾಯಿಗೆ ಹೋಯಿತು. ಅವ್ವ ಅದನ್ನು ನೋಡಿದಳು. ಜುಟ್ಟು ಕಿತ್ತು, ಮೆತ್ತಗಿನ ಕಣ್ಣಿಗೆ ಸ್ಕ್ರೂಡ್ರೈವರ್ ಒತ್ತಿ ತೂತು ಮಾಡಿ ಅವ್ವನ ಕೈಗೆ ಕೊಟ್ಟೆ. ಅವ್ವ ಎತ್ತಿ ಬಾಯಿಗೆ ಹಿಡಿದಳು. ಎರಡು ಹನಿ ಬಿತ್ತು, ನಿಂತಿತು. ಅಲ್ಲಾಡಿಸಿದಳು, ಇನ್ನೊಂದು ಹನಿ ಬಿತ್ತು.

"ಏನ್ಲಾ, ತೆಂಗಿನ ತೋಟದಾಗೆ ಹುಟ್ಟಿ ಬೆಳ್ದೋನು ನೀನು! ಇನ್ನೊಂದು ಕಣ್ಣೂ ತೂತು ಮಾಡು. ಒಳೀಕೆ ಗಾಳಿ ಹೋಗ್ದೆ ನೀರು ಹೆಂಗ್ಲಾ ಈಚೆಗೆ ಬತ್ತೈತೆ?"

ಇದು ನನಗೆ ಗೊತ್ತಿಲ್ಲದ್ದೇನಲ್ಲ, ಸಿಟ್ಟಿನಲ್ಲಿ ಮರೆತಿದ್ದೆ. ಗಟ್ಟಿ ಕಣ್ಣಿಗೆ ಸ್ಕ್ರೂಡ್ರೈವರ್ ಇಟ್ಟು ಕಲ್ಲಿನಿಂದ ಹೊಡೆದು ಇನ್ನೊಂದು ತೂತು ಮಾಡಿದೆ. ಅವ್ವ ಎತ್ತಿ ಹಿಡಿದಳು. ನೀರು ಧಾರೆಯಾಗಿ ಇಳಿಯಿತು. ಅವ್ವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತಾ ನಿಂತಿದ್ದೆ, ನನ್ನ ಕೈಯಲ್ಲಿ ಬೀಗದ ಕೀಲಿ ಇತ್ತು.

ಮೆಲ್ಲಗೆ ಕಾರಿನ ಹಿಂದಕ್ಕೆ ಹೋದೆ. ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಮುಚ್ಚಳದ ಅಂಚಿಗೆ ಹಿಡಿದು ಬೀಗ ತಿರುಗಿಸಿದೆ. ಉಸ್ ಅಂದಿತು. ಟವೆಲ್ಲಿನ ತುದಿ ಹೊರಕ್ಕೆ ಹಾರಲಿಲ್ಲ, ಒಳಕ್ಕೆ ಎಳೆದುಕೊಂಡಿತು. ಆವಿ ಹೊರಗೆ ಬರುವ ಸದ್ದಲ್ಲ ಅದು, ಗಾಳಿ ಒಳಗೆ ನುಗ್ಗುವ ಸದ್ದು. ಇಷ್ಟು ದಿನ ಎಂಜಿನ್ನನ್ನು ಹೊರಡಿಸುತ್ತಿದ್ದುದು ಒದ್ದೆ ಬಟ್ಟೆಯಲ್ಲ, ತಮ್ಮನನ್ನು ಕಳ್ಳ ಅಂತ ಹಿಡಿಯಲು ನಾನು ಬೀಗ ತೆಗೆಯುತ್ತಿದ್ದುದು. ಅಪ್ಪನ ಮುಚ್ಚಳದಲ್ಲಿ ಸೂಜಿಯಷ್ಟು ತೂತು ಯಾಕಿತ್ತು ಅಂತ ಆಗ ತಿಳಿಯಿತು. ಮೂರು ವಾಷರುಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ.

ತಿರುಗಿ ನೋಡಿದರೆ ಅವ್ವ ಕಾರಿನಿಂದ ಇಳಿದು ನನ್ನ ಹಿಂದೆಯೇ ನಿಂತಿದ್ದಳು. ಇಷ್ಟು ದಿನ ಕಾರು ನಿಂತಾಗಲೆಲ್ಲ ಒಳಗೇ ಕೂತಿರುತ್ತಿದ್ದವಳು ಬೀಗವನ್ನು ನೋಡಿದ್ದು ಅದೇ ಮೊದಲು.

"ಪೆಟ್ರೋಲಿಗೆ ಯಾಕ್ಲಾ ಬೀಗ?"

"ಕಳ್ಳರ ಕಾಟ ಅವ್ವ."

"ನಮ್ಮ ಓಣಿನಾಗೆ ಯಾವ ಕಳ್ಳ?" ನಾನು ಮುಚ್ಚಳ ತಿರುಗಿಸಿ ಬೀಗ ಹಾಕತೊಡಗಿದೆ. "ತಿಲಕನಾ?" ಅಂದಳು. ನಾನು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಅವ್ವ ಹೋಗಿ ಕಾರಿನಲ್ಲಿ ಕೂತಳು.

ಸಂಪಿಗೆಯವರೆಗೆ ಕಾರು ಒಂದು ಸಲವೂ ಮುಗ್ಗರಿಸಲಿಲ್ಲ. ದೇವಸ್ಥಾನದಲ್ಲಿ ಅರ್ಚಕರು ಯಾರ ಹೆಸರಿನಲ್ಲಿ ಅಂತ ಕೇಳಿದಾಗ ಅವ್ವ ಉಳಿದ ಅರಿಶಿನದ ಕಾಯಿಯನ್ನು ಕೊಟ್ಟು "ತಿಲಕನ ಹೆಸರಿನಲ್ಲಿ" ಅಂದಳು. ನಾನು ಅವಳ ಮುಖ ನೋಡಿದೆ.

"ಅವನ ಕಾಯಿ ನಾನು ಕುಡ್ಕಂಡ್ನಲ್ಲ" ಅಂದಳು. "ನಿನ್ ಕಾರು ಓಡ್ತೈತಲ್ಲಾ, ಇನ್ನೇನು ಬೇಕು ನಿಂಗೆ?"

ವಾಪಸ್ ಬರುವಾಗ ಕಾರು ಎಷ್ಟು ಚೆನ್ನಾಗಿ ಓಡಿತೆಂದರೆ, ಕನ್ನಡಿಯಲ್ಲಿ ನೋಡಿದಾಗ ಅವ್ವ ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ನನ್ನ ಕಾರಿನಲ್ಲಿ, ಮೊದಲ ಸಲ. ಗುಂಡಿಗಳನ್ನು ತಪ್ಪಿಸಿ ತಪ್ಪಿಸಿ ಓಡಿಸಿದೆ. ಖುಷಿಯಿಂದ ಕಣ್ಣು ತುಂಬಿಕೊಂಡಿತು, ಸುಳ್ಳೇಕೆ ಹೇಳಲಿ.

ಹೊನ್ನವಳ್ಳಿಗೆ ಬಂದು ಓಣಿಗೆ ತಿರುಗಿದಾಗ ಅವ್ವ ಎದ್ದಳು. ತಿಲಕನ ಗೇಟಿನ ಮುಂದೆ "ಇಲ್ಲೇ ನಿಲ್ಸು" ಅಂದಳು.

"ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಐತಲ್ಲವ್ವ."

"ಇರ್ಲಿ ಬುಡು." ಕೂತಲ್ಲಿಂದಲೇ ಹೇಳಿದಳು. "ಶಿವರಾತ್ರಿ ದಿನವೇ ತಿಲಕ ನನ್ ಹತ್ರ ಹೇಳ್ದ. ಅಪ್ಪನ ಗಾಡಿ ಅಂದ್ರೆ ಅಣ್ಣಂಗೆ ಪ್ರಾಣ, ಕಾರು ಅವನಿಗೇ ಬುಡವ್ವ, ನೀನೂ ಅಲ್ಲೇ ಇರು, ನಾನು ದಿನಾ ಬಂದು ನೋಡ್ಕಂಡು ಹೋಗ್ತೀನಿ ಅಂದ. ನಾನೂ ಹ್ಞೂ ಅಂದಿದ್ದೆ. ಬೆಳಿಗ್ಗೆ ಹೊರಟಾಗ ನಿನ್ ಮನೇಲೇ ಇರಾನ ಅಂತಲೇ ಇದ್ದೆ."

"ಮತ್ತೆ ಈಗ?"

"ಕಾರು ನೀನೇ ಇಟ್ಕೋ. ಒಡಹುಟ್ಟಿದೋನಿಗೆ ಬೀಗ ಹಾಕೋ ಮನೇಲಿ ನನಗೆ ನಿದ್ದೆ ಬರಲ್ಲ ಕಣ್ಲಾ."

ಸದ್ದು ಕೇಳಿ ತಿಲಕ ಹೊರಗೆ ಬಂದ. ಅವ್ವನ ಕೈ ಹಿಡಿದು ಇಳಿಸಿಕೊಳ್ಳುತ್ತಾ "ಎಲ್ಲೂ ನಿಲ್ಲಲಿಲ್ವಾ ಅಣ್ಣ?" ಅಂತ ಕೇಳಿದ.

ನಾನು ಜೇಬಿನಿಂದ ಮೂರು ವಾಷರ್ ತೆಗೆದು ಅವನ ಅಂಗೈಗೆ ಹಾಕಿದೆ. "ಇದರಿಂದ ನಿಲ್ತಿತ್ತು. ನಾನೇ ಗಾಳಿ ಹೋಗದಂಗೆ ಮುಚ್ಚಿದ್ದೆ" ಅಂದೆ. ಅವನು ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ನಗಲಿ ಅಂತ ಕಾದೆ. ನಕ್ಕಿದ್ದರೆ ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನಗೊಂದು ಕಾರಣ ಸಿಗುತ್ತಿತ್ತು. ಅವನು ನಗಲಿಲ್ಲ. "ಹೋಗ್ಲಿ ಬುಡಣ್ಣ, ಗೊತ್ತಾಯ್ತಲ್ಲ" ಅಂದು ಒಳಗೆ ಹೋಗಿ ಅಪ್ಪನ ತಗಡಿನ ಮುಚ್ಚಳ ತಂದುಕೊಟ್ಟ. "ಇದನ್ನೇ ಹಾಕ್ಕೋ. ಇನ್ಮೇಲೆ ಗಾಡಿ ನಿಂದೇ ತಾನೇ?" ಆಗಲೂ ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಒಳ್ಳೆಯವನು ಅನ್ನಿಸಿಕೊಳ್ಳುವುದರಲ್ಲೂ ಅವನೇ ಮುಂದೆ.

ಈಗ ಕಾರು ಅಮಾವಾಸ್ಯೆ ಹುಣ್ಣಿಮೆ ಅನ್ನದೆ ಎಲ್ಲ ದಿನವೂ ನನ್ನದು. ಬೀಗದ ಮುಚ್ಚಳ ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ. ಅವ್ವನ ಸೀರೆ ತಿಲಕನ ಅಂಗಳದ ತಂತಿಯ ಮೇಲೆ ಒಣಗುತ್ತಿರುತ್ತದೆ. ಓಣಿಯಲ್ಲಿ ಹೋಗುವಾಗಲೆಲ್ಲ ಅವನ ಗೇಟಿನ ಮುಂದೆ ಬೇಕೆಂದೇ ನಿಧಾನ ಮಾಡುತ್ತೇನೆ. ಕಾರು ಅಲ್ಲಿ ತಾನಾಗಿ ಕೆಟ್ಟು ನಿಂತರೆ ಇಳಿದು, ಅವ್ವನ ಹತ್ತಿರ ಒಂದು ಚೆಂಬು ನೀರು ಕೇಳಬಹುದು. ಕಾರು ಇವತ್ತಿನವರೆಗೆ ಒಂದು ಸಲವೂ ನಿಂತಿಲ್ಲ.